ಬೆಂಗ್ಳೂರ್ ಬಿಟ್ಟು ಶಿವಮೊಗ್ಗದಲ್ಲಿ ಒಟಿ (ಆಕ್ಯುಪೇಷನಲ್ ಥೆರಪಿ) ಪ್ರಾಕ್ಟೀಸ್: ಅನುಭವ ಇದ್ದೋರು ದಯವಿಟ್ಟು ಹೇಳಿ

ತುಂಗೆ ದಂಡೆ:
ಎಲ್ರಿಗೂ ನಮಸ್ಕಾರ. ಬಿಒಟಿ (ಒಟಿ ಡಿಗ್ರಿ, ಅಂದ್ರೆ ದಿನದ ಕೆಲಸ ತಾವೇ ಮಾಡ್ಕೊಳೋ ಹಾಗೆ ಮಾಡೋ ಥೆರಪಿ) ಮುಗ್ಸಿ ಬೆಂಗ್ಳೂರಲ್ಲಿ ಮಕ್ಕಳ ಥೆರಪಿ ಸೆಂಟರ್ ಒಂದ್ರಲ್ಲಿ ಇದೀನಿ. ಪಿಜಿ, ಊಟ, ಬಸ್ಸು ಕಳೆದ್ರೆ ತಿಂಗ್ಳಿಗೆ 14 ಸಾವಿರ ಉಳೀತದೆ. ಊರು ತೀರ್ಥಹಳ್ಳಿ ಹತ್ರ, ಅಪ್ಪಂಗೆ ಮಂಡಿ ನೋವು, ತೋಟಕ್ಕೆ ಹೋಗೋಕಾಗಲ್ಲ, ಹಂಗಾಗಿ ವಾಪಸ್ ಬರೋಣ ಅಂತ. ಶಿವಮೊಗ್ಗ ಟೌನಲ್ಲಿ ಬಾಡಿಗೆ ಹಿಡ್ದು ಮಕ್ಕಳ ಸೆಂಟರ್ ಹಾಕೋದಾ, ತೀರ್ಥಹಳ್ಳಿ ಕೊಪ್ಪ ಕಡೆ ಮನೆಮನೆಗೆ ಹೋಗೋದಾ, ಇಲ್ಲಾ ಊರಲ್ಲೇ ಕೂತು ಆನ್‌ಲೈನ್ ಮಾಡೋದಾ? ಕೈಲಿ 4 ಲಕ್ಷ ಇದೆ. ಹ್ಯಾಂಡ್ ಥೆರಪಿ (ಕೈಗೆ ಪೆಟ್ಟಾದೋರಿಗೆ ಮಾಡೋದು) ಇಷ್ಟ, ಆದ್ರೆ ಅನುಭವ ಕಮ್ಮಿ. ಮಲ್ನಾಡ್ ಒಟಿಗಳ ಭಾನುವಾರದ ಆನ್‌ಲೈನ್ ಮೀಟಿಂಗಲ್ಲೇ ಕೇಳ್ಬೇಕು ಅಂತಿದ್ದೆ, ನಾನ್ ಮಾತು ಶುರು ಮಾಡೋ ಹೊತ್ತಿಗೆ ಅರ್ಧ ಜನ ಕಟ್ ಆಗಿದ್ರು. ಅದಕ್ಕೆ ಇಲ್ಲಿ.

ವಿನೋಬನಗರ ಒಟಿ:
ಬನ್ನಿ, ಬಂದ್ಮೇಲೆ ಗೊತ್ತಾಗ್ತದೆ. ನನ್ ಕಥೆ ಕೇಳಿ. ಅಡ್ವಾನ್ಸ್ 1.5 ಲಕ್ಷ, ಬಾಡಿಗೆ 18 ಸಾವಿರ, ಕೆಳಗಿನ ಮನೆ, ಎದುರಿಗೆ ಗಾಡಿ ನಿಲ್ಸೋಕೆ ಜಾಗ. ತಾರಸಿಗೆ ಉಯ್ಯಾಲೆ ಹುಕ್ ಹಾಕಿಸ್ತೀನಿ ಅಂತ ಓನರ್ ಹತ್ರ ಮೊದ್ಲೇ ಹೇಳಿದ್ದೆ, ಆಯ್ತಮ್ಮ ಆಯ್ತಮ್ಮ ಅಂದ್ರು. ಅವ್ರ ತಲೇಲಿ ಇದ್ದದ್ದು ತೊಟ್ಟಿಲು ಹುಕ್ಕು ಕಾಣ್ತದೆ. 30 ಕೆಜಿ ಹುಡುಗ ಬೋಲ್ಸ್ಟರ್ ಸ್ವಿಂಗ್ (ಉದ್ದ ದಿಂಬಿನ ಥರದ ಥೆರಪಿ ಉಯ್ಯಾಲೆ) ಮೇಲೆ ಜೀಕಿದ್ರೆ ಬೋಲ್ಟಿಗೆ ಬೀಳೋ ಭಾರ 30 ಕೆಜಿ ಅಲ್ವಲ್ಲ, ಅದರ ಎರಡು ಮೂರು ಪಟ್ಟು, ಅದಕ್ಕೆ ಪ್ಲೇಟು, ಆಂಕರ್ ಬೋಲ್ಟು ಎಲ್ಲ ಹಾಕಿಸ್ದೆ, ಕೂಲಿ ಸೇರಿ 11 ಸಾವಿರ. ಜೂನಲ್ಲಿ ತಾರಸಿ ಸೋರ್ತು. ಸೋರಿದ್ದು ಇನ್ನೊಂದು ಮೂಲೇಲಿ, ಆದ್ರೆ ಓನರ್ ಪ್ರಕಾರ ನನ್ ಹುಕ್ಕಿಂದಾನೇ ಬಿರುಕು ಬಿಟ್ಟಿದ್ದು. ಅಡ್ವಾನ್ಸಲ್ಲಿ 40 ಸಾವಿರ ಹಿಡ್ಕೊಂಡ್ರು. ಆಮೇಲೆ ಆಟೋ ಕಾಂಪ್ಲೆಕ್ಸಲ್ಲಿ ಉಯ್ಯಾಲೆ ಕಟ್ಟೋಕೆ ಕಬ್ಬಿಣದ ಎ-ಫ್ರೇಮ್ ಮಾಡಿಸ್ದೆ, 36 ಸಾವಿರ, ಬಾಗಿಲಲ್ಲಿ ತೂರದೇ ಕಾಲು ಕುಯ್ಸಿ ಮತ್ತೆ ವೆಲ್ಡ್ ಮಾಡಿಸೋಕೆ 3 ಸಾವಿರ ಬೇರೆ.

ಮ್ಯಾಟ್‌ಗಳ ವಿಷಯ ಇನ್ನೂ ಹೇಳಿಲ್ಲ. ಜುಲೈ ಆಗಸ್ಟಲ್ಲಿ ಫೋಮ್ ಒಳಗೆ ಬೂಷ್ಟು, ರೆಕ್ಸಿನ್ ಮೇಲೆ ಬಿಳಿ ಪುಡಿ, ಒರೆಸಿ ಮಾರನೇ ದಿನ ನೋಡಿದ್ರೆ ಮತ್ತೆ ಅದೇ, ಅಸ್ತಮಾ ಇರೋ ಮಗುವಿನ ತಾಯಿ ವಾಸನೆ ನೋಡಿ ಬಾಗ್ಲಿಂದಾನೇ ವಾಪಸ್ ಹೋದ್ರು, ಡಿಹ್ಯುಮಿಡಿಫೈಯರ್ ತಗೊಂಡೆ, ಕರೆಂಟ್ ಬಿಲ್ ನೋಡಿ ಗಂಡ ಎರಡು ದಿನ ಮಾತಾಡ್ಲಿಲ್ಲ. ಮಳೆ ರಜೆ ಕೊಟ್ರೆ ಹೊಸನಗರ ರಿಪ್ಪನ್‌ಪೇಟೆ ಕಡೆಯ ಮಕ್ಕಳು ಒಬ್ರೂ ಬರಲ್ಲ, ಬಾಡಿಗೆಗೆ ಮಾತ್ರ ರಜೆ ಇಲ್ಲ. ಇಷ್ಟಾದ್ರೂ ಸೆಂಟರ್ ಇವತ್ತು ನಡೀತಿದೆ, ವೇಟಿಂಗ್ ಲಿಸ್ಟ್ ಇದೆ. ದುಡ್ಡು ಅಂತ ಕಾಣೋದು ಮಕ್ಕಳ ಸೆಂಟರಲ್ಲೇ, ಮಿಕ್ಕಿದ್ದೆಲ್ಲ ಸಮಾಜಸೇವೆ.

ಸಾಗರ ರೋಡು:
ಸಮಾಜಸೇವೆ ಅಂತೆ! ಮಾರಾಯ್ರೆ, ಬಾಲ್ ಪೂಲಲ್ಲಿ ಮಗುನ ಉರುಳಾಡ್ಸಿ 45 ನಿಮಿಷಕ್ಕೆ 700 ತಗೊಳೋದು ಥೆರಪಿ, ಸ್ಟ್ರೋಕ್ ಆದ ಅಜ್ಜನ ಬಚ್ಚಲಿಗೆ ಹಿಡ್ಕೊಳೋ ಕಂಬಿ ಹಾಕ್ಸೋದು ಸಮಾಜಸೇವೆನಾ? ನಾನು ಶುರುವಿಂದ ಮನೆಗೇ ಹೋಗೋನು. ಆಸ್ಪತ್ರೇಲಿ ಬಟ್ಟೆ ಹಾಕೋಳೋದು, ಸ್ನಾನ ಎಲ್ಲ ಇಂಡಿಪೆಂಡೆಂಟ್ ಅಂತ ಬರ್ದು ಡಿಸ್ಚಾರ್ಜ್ ಮಾಡ್ತಾರೆ, ಮನೆಗೆ ಬಂದು ನೋಡಿದ್ರೆ ಬಚ್ಚಲು ಇರೋದು ಹಿತ್ಲಲ್ಲಿ, ಅಂಗಳದಲ್ಲಿ ಪಾಚಿ, ಎರಡು ಮೆಟ್ಲು ಇಳೀಬೇಕು, ಹಂಡೆಯಿಂದ ಬಿಸಿನೀರು ಒಂದೇ ಕೈಯಲ್ಲಿ ತೋಡ್ಬೇಕು, ಇದ್ರಲ್ಲಿ ಎಂತದು ಇಂಡಿಪೆಂಡೆಂಟ್? ನಾನು ಅಸೆಸ್ಮೆಂಟ್‌ಗೆ ಪೆಗ್ ಬೋರ್ಡ್ (ತೂತಿಗೆ ಕಡ್ಡಿ ಸಿಗ್ಸೋ ಹಲಗೆ) ತಗೊಂಡು ಹೋಗೋದೇ ಇಲ್ಲ. ಕವಳದ ಬಟ್ಟಲು ಎದುರಿಗೆ ಇಡೋದು. ವೀಳ್ಯದೆಲೆ ತೊಟ್ಟು ಮುರ್ದು, ಬೆನ್ನಿಗೆ ಸುಣ್ಣ ಹಚ್ಚಿ, ಮಡ್ಚಿ ಬಾಯಿಗೆ ಇಡೋವರೆಗೆ ನೋಡಿದ್ರೆ ಎರಡೂ ಕೈಯ ಕಥೆ ಗೊತ್ತಾಗ್ತದೆ. ಡಾಕ್ಟ್ರು ಕವಳ ಬಿಡಿ ಅಂದಿರ್ತಾರೆ, ಆಗ ಹೊಗೆಸೊಪ್ಪು ಪಕ್ಕಕ್ಕಿಟ್ಟು ಎಲೆ ಸುಣ್ಣದಲ್ಲೇ ಮುಗಿಸ್ತೀನಿ.

ಖರ್ಚು ಹೇಳ್ತೀನಿ. ಬೈಕ್ ಪೆಟ್ರೋಲ್ ತಿಂಗ್ಳಿಗೆ 6 ಸಾವಿರದ ಮೇಲೆ. ಮಳೆಗಾಲದಲ್ಲಿ ಚೈನ್ ಸ್ಪ್ರಾಕೆಟ್ ಒಂದೇ ಸೀಸನ್. ಬ್ಯಾಗಲ್ಲಿದ್ದ ಗೋನಿಯೋಮೀಟರ್ (ಕೀಲು ಎಷ್ಟು ಮಡಚ್ತದೆ ಅಳೆಯೋದು), ಡೈನಮೋಮೀಟರ್ (ಕೈ ಹಿಡಿತ ಅಳೆಯೋದು) ನೀರು ಕುಡ್ದು ಹಾಳಾಯ್ತು, ಡೈನಮೋಮೀಟರ್ ಒಂದಕ್ಕೇ 19 ಸಾವಿರ ಕೊಟ್ಟಿದ್ದೆ. ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆ ಕೇಸ್ ಇದ್ರೆ ಮೊದ್ಲು ಲಾಂಚ್ ಹೊತ್ತು ನೋಡ್ಕೊಂಡೇ ಥೆರಪಿ ಮುಗಿಸ್ಬೇಕಿತ್ತು, ಕೊನೇ ಲಾಂಚ್ ತಪ್ಪಿ ಪೇಷೆಂಟ್ ಮನೇಲೇ ಮಲಗಿದ್ದೂ ಇದೆ. 2025 ಜುಲೈಲಿ ಸಿಗಂದೂರು ಸೇತುವೆ ಆದ್ಮೇಲೆ ಆ ರಗಳೆ ಇಲ್ಲ. ಫೀಸು 500 ಅಂತೀನಿ, ಕೆಲವ್ರು 300 ಕೊಟ್ಟು ಒಂದು ಗೊನೆ ಬಾಳೆಕಾಯಿ ಕಟ್ತಾರೆ. ನಮ್ಮನೇಲೇ ಬಾಳೆಕಾಯಿ ಕೊಳೀತಿದೆ, ಬೇಡ ಅನ್ನೋಕಾಗ್ತದಾ.

ವಿನೋಬನಗರ ಒಟಿ:
ಅಣ್ಣಾ, ಬಾಲ್ ಪೂಲ್ ಅಂದ್ರಲ್ಲ, ನನ್ ಸೆಂಟರಲ್ಲಿ ಬಾಲ್ ಪೂಲೇ ಇಲ್ಲ. ಸೆನ್ಸರಿ ಇಂಟಿಗ್ರೇಷನ್ (ಮುಟ್ಟೋದು, ಅಲುಗಾಟ ಇಂಥದ್ದನ್ನ ಮಗು ಗ್ರಹಿಸೋ ರೀತಿ ಸರಿಮಾಡೋ ಥೆರಪಿ) ಕೋರ್ಸಿಗೆ ಸಾಲ ಮಾಡಿ ದುಡ್ಡು ಕಟ್ಟಿ ಪಾಸ್ ಮಾಡಿರೋಳು ನಾನು. ಆ ಥೆರಪಿ ಶುರು ಮಾಡಿದ ಜೀನ್ ಏರ್ಸ್ 1970ರ ದಶಕದಲ್ಲಿ ಬರ್ದಿದ್ದನ್ನ ಓದದೇ ಉಯ್ಯಾಲೆ ಅಂದ್ರೆ ಆಟ ಅನ್ಕೊಂಡಿರೋರ ಹತ್ರ ನಂಗೆ ವಾದ ಬೇಡ. ಬಾಳೆಕಾಯಿ ಚಿಪ್ಸ್ ಮಾಡ್ಕೊಳಿ.

ಕೊಪ್ಪದ ಕೈ:
ಹ್ಯಾಂಡ್ ಥೆರಪಿ ಅಂದಿದ್ದಕ್ಕೆ ಹೇಳ್ತೀನಿ. ಕೇಸ್ ಇಲ್ಲ ಅಂತ ಹೇಳೋರ ಮಾತು ಕೇಳ್ಬೇಡಿ. ಅಡಿಕೆ ಸುಗ್ಗೀಲಿ ಮೆಟ್ಟುಗತ್ತಿ (ಅಡಿಕೆ ಸುಲಿಯೋ ಕತ್ತಿ) ಗಾಯ, ಮರದಿಂದ ಬಿದ್ದು ಬ್ರೇಕಿಯಲ್ ಪ್ಲೆಕ್ಸಸ್ (ಕುತ್ತಿಗೆಯಿಂದ ಕೈಗೆ ಬರೋ ನರಗಳು) ಎಳ್ಕೊಂಡಿದ್ದು, ಸುಲಿಯೋ ಮಷಿನಿಗೆ ಸಿಕ್ಕಿದ ಬೆರಳು, ಕಳೆ ಮಷಿನ್ ಹಿಡ್ದು ಮರಗಟ್ಟಿದ ಕೈ, ಬೇಕಾದಷ್ಟಿದೆ. ಇಲ್ಲದೇ ಇರೋದು ರೆಫರಲ್ಲು. ಟೆಂಡನ್ (ಸ್ನಾಯುನ ಮೂಳೆಗೆ ಕಟ್ಟೋ ನಾರು) ಹೊಲ್ದು ಪ್ಲಾಸ್ಟರ್ ಹಾಕಿ ತಿಂಗ್ಳು ಬಿಟ್ಟು ಬನ್ನಿ ಅಂತಾರೆ, ನನ್ ಹತ್ರ ಬರೋ ಹೊತ್ತಿಗೆ ಬೆರಳು ಕಟ್ಟಿಗೆ. ಮೂರು ನಾಕು ದಿನದಲ್ಲಿ ಕಳ್ಸಿದ್ರೆ ಡಾರ್ಸಲ್ ಬ್ಲಾಕಿಂಗ್ ಸ್ಪ್ಲಿಂಟ್ (ಬೆರಳು ಪೂರ್ತಿ ಚಾಚದ ಹಾಗೆ ತಡೆಯೋ ಆಸರೆ) ಹಾಕಿ ಶುರು ಮಾಡ್ಬಹುದು ಅಂತ ಎಷ್ಟು ಡಾಕ್ಟ್ರಿಗೆ ಹೇಳಿದೀನೋ, ನೀವು ಫಿಸಿಯೋನಾ ಅಂತ ಕೇಳ್ತಾರೆ.

ಸ್ಪ್ಲಿಂಟ್ ಮಾಡೋಕೆ ಬಿಸಿನೀರಲ್ಲಿ ಮೆತ್ತಗಾಗೋ ಥರ್ಮೋಪ್ಲಾಸ್ಟಿಕ್ ಶೀಟು ಒಂದಕ್ಕೆ 5,500, ಕೊರಿಯರ್ ಬೇರೆ. ಒಂದು ಶೀಟಲ್ಲಿ ದೊಡ್ಡ ಸ್ಪ್ಲಿಂಟ್ ಮೂರು ಬಂದ್ರೆ ಪುಣ್ಯ. ವಾಟರ್ ಬಾತ್ ತಗೊಳೋಕೆ ದುಡ್ಡಿಲ್ದೇ ದೊಡ್ಡ ಇಡ್ಲಿ ಪಾತ್ರೆ, ಥರ್ಮಾಮೀಟರ್ ಇಟ್ಕೊಂಡು 70 ಡಿಗ್ರಿ ನೋಡಿ ಮಾಡ್ತೀನಿ, ನಗೋರು ನಗಿ. ಒಬ್ರಿಗೆ ಕ್ಲೀನಾಗಿ ಮಾಡಿ ಕೊಟ್ಟೆ, ಮಣಿಕಟ್ಟು, ಎಂಸಿಪಿ (ಬೆರಳಿನ ಬುಡದ ಗೆಣ್ಣು) ಎಲ್ಲ ಅಳತೆ ಪ್ರಕಾರ. ಮಳೇಲಿ ಪಟ್ಟಿ ಒದ್ದೆ ಆಯ್ತು ಅಂತ ಸ್ಪ್ಲಿಂಟ್ ಬಿಚ್ಚಿ ಹಂಡೆ ಒಲೆ ಕಟ್ಟೆ ಮೇಲೆ ಒಣಗೋಕೆ ಇಟ್ಟಿದಾರೆ! ಬಿಚ್ಲೇಬಾರ್ದು ಅಂತ ಹೆಂಡ್ತಿ ಎದುರಿಗೆ ಹೇಳಿ, ಕಾಗದದಲ್ಲಿ ಬರ್ದೂ ಕೊಟ್ಟಿದ್ದೆ. ಬೆಳಿಗ್ಗೆ ನೋಡಿದ್ರೆ ಚಪ್ಪಟೆ. ಎರಡನೇದು ಪುಕ್ಕಟೆ ಮಾಡಿ ಕೊಟ್ಟೆ. ಆರು ವಾರ ಹಾಕ್ಕೊಳಿ, ಜೋರಾಗಿ ಹಿಡಿಯೋ ಕೆಲಸ 12 ವಾರ ಬೇಡ ಅಂದ್ರೆ ಆ ಮನುಷ್ಯ ಸುಗ್ಗಿ ಮುಗೀತದೆ ಅಂತ ಐದನೇ ವಾರಕ್ಕೇ ಮೆಟ್ಟುಗತ್ತಿ ಮುಂದೆ ಕೂತ, ಟೆಂಡನ್ ಪಟ್ ಅಂತು. ಬೈಯೋಕೂ ಆಗಲ್ಲ, ಡಬ್ಬದ ಲೆಕ್ಕದಲ್ಲಿ ಸುಲಿಯೋರು, ಕೂತ್ರೆ ಮಾತ್ರ ಕೂಲಿ.

ಬಿಪಿಟಿ ಭದ್ರಾವತಿ:
ನಾನು ಫಿಸಿಯೋ, ಸುಮ್ನೆ ಓದ್ತಿದ್ದೆ, ಫಿಸಿಯೋನಾ ಅಂತ ಕೇಳಿದ್ರೆ ಅವಮಾನ ಆದಂಗೆ ಬರ್ದಿದೀರಲ್ಲ ಮೇಡಂ. ಸ್ಪ್ಲಿಂಟ್, ಸ್ಟ್ರೋಕ್ ಎಲ್ಲ ನಾವೂ ಮಾಡ್ತೀವಿ. ಜಿಲ್ಲೇಲಿ ನೀವು ಎಷ್ಟು ಜನ ಇದೀರ? ನೀವು ಬರೋವರೆಗೆ ಪೇಷೆಂಟ್ ಕಾಯ್ಬೇಕಾ?

ಕೊಪ್ಪದ ಕೈ:
ಅವಮಾನ ಅಲ್ಲ ಸರ್. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೇಲಿ ಹತ್ತು ವಿಭಾಗ ಇದೆ, ಫಿಸಿಯೋ ಬೇರೆ, ಒಟಿ ಬೇರೆ, ಓದಿ ನೋಡಿ. ನೀವು ಮಾಡಿ, ಬೇಡ ಅನ್ನಲ್ಲ, ಬೋರ್ಡಲ್ಲಿ 'ಆಕ್ಯುಪೇಷನಲ್ ಥೆರಪಿ ಸೌಲಭ್ಯವಿದೆ' ಅಂತ ಬರೀಬೇಡಿ ಅಷ್ಟೇ. ಒಟಿ ಅಂದ್ರೆ ಆಪರೇಷನ್ ಥಿಯೇಟರ್ ಅನ್ಕೊಂಡಿರೋರ ಜೊತೆ ಗುದ್ದಾಡಿ ಸಾಕಾಗಿದೆ, ಈಗ ಬೋರ್ಡ್ ಜೊತೆ ಗುದ್ದಾಡ್ಬೇಕು.

ಸಾಗರ ರೋಡು:
ಬೋರ್ಡ್ ವಿಷಯದಲ್ಲಿ ಅಕ್ಕ ಹೇಳಿದ್ದು ನೂರಕ್ಕೆ ನೂರು. ಅಕ್ಟೋಬರ್ 27ಕ್ಕೆ ಒಟಿ ಡೇ ಅಂತ ಒಂದ್ಕಡೆ ಭಾಷಣಕ್ಕೆ ಕರೆದ್ರು, ಬ್ಯಾನರ್ ಮೇಲೆ ನನ್ ಹೆಸರಿನ ಕೆಳಗೆ 'ಫಿಸಿಯೋಥೆರಪಿಸ್ಟ್'.

ಹೊಸನಗರ ಅಮ್ಮ:
ನಾನು ಥೆರಪಿಸ್ಟ್ ಅಲ್ಲ, ಆಟಿಸಂ ಇರೋ ಹುಡುಗನ ತಾಯಿ. ನಿಮ್ ಖರ್ಚು ಎಲ್ಲ ಕೇಳಿದೆ, ನಮ್ದೂ ಕೇಳಿ. ಶಿವಮೊಗ್ಗಕ್ಕೆ ವಾರಕ್ಕೆ ಎರಡು ಸಲ ಬಸ್ಸಲ್ಲಿ ಹೋಗ್ಬರೋದು, ಮಗ ಬಸ್ಸಲ್ಲಿ ಕಿರುಚ್ತಾನೆ, ಕಂಡಕ್ಟರ್ ಇಳೀರಿ ಅಂದದ್ದೂ ಇದೆ. 45 ನಿಮಿಷದ ಸೆಷನ್‌ಗೆ ಇಡೀ ದಿನ ಹೋಗ್ತದೆ, ದೊಡ್ಡ ಮಗಳು ಶಾಲೆಯಿಂದ ಬಂದ್ರೆ ಬಾಗ್ಲು ತೆಗಿಯೋರಿಲ್ಲ. ಒಂದು ಸೆಂಟರಲ್ಲಿ, ಹೆಸ್ರು ಬೇಡ, ಆರು ತಿಂಗ್ಳಲ್ಲಿ ನಾರ್ಮಲ್ ಮಾಡ್ತೀವಿ ಅಂತ ಪ್ಯಾಕೇಜ್ 60 ಸಾವಿರ ಮುಂಗಡ ತಗೊಂಡ್ರು, ಬಿಲ್ ಕೇಳಿದ್ರೆ ಬಿಳಿ ಚೀಟಿ. ಸರ್ಕಾರದ ನಿರಾಮಯ ಆರೋಗ್ಯ ವಿಮೇಲಿ ವರ್ಷಕ್ಕೆ 1 ಲಕ್ಷದವರೆಗೆ ಅಂತಾರೆ, ಒಳಗೆ ಥೆರಪಿಗೆ ಬೇರೆ ಮಿತಿ, ಅದೂ ಸೀಲು ಸಹಿ ಇರೋ ಬಿಲ್ ಇದ್ರೆ ತಾನೇ? ಬಿಳಿ ಚೀಟಿ ಇಟ್ಕೊಂಡು ಎಂತ ಮಾಡ್ಲಿ? ಮಗ ಈಗ ತಾನೇ ಚಡ್ಡಿ ಹಾಕ್ಕೊಳ್ತಾನೆ, ಕಲ್ಸಿದ್ದು ಸೆಂಟರಲ್ಲ, ನಮ್ಮತ್ತೆ. ಬಂದೋರು ಯಾರೇ ಆಗ್ಲಿ ಸರಿಯಾಗಿ ಬಿಲ್ ಕೊಡಿ.

ವಿನೋಬನಗರ ಒಟಿ:
ಅಮ್ಮಾ, ನಾವೆಲ್ಲ ಬಿಲ್ ಕೊಡ್ತೀವಿ. ಯಾರೋ ಒಬ್ರು ಮಾಡಿದ್ದಕ್ಕೆ ಸೆಂಟರ್ ಅಂದ್ರೆ ಮೋಸ ಅನ್ಬೇಡಿ.

ಹೊಸನಗರ ಅಮ್ಮ:
ನಾನ್ ಎಲ್ಲಿ ನಿಮ್ಮನ್ನ ಅಂದೆ? ಹೆಸರು ಹೇಳ್ದೇ ಇದ್ರೂ ಕೋಪ ಬಂತಲ್ಲ.

ಶೃಂಗೇರಿ ಸಿಗ್ನಲ್:
ಆನ್‌ಲೈನ್ ಬಗ್ಗೆ ಯಾರೂ ಹೇಳ್ಲಿಲ್ಲ, ನಾನು ಹೇಳ್ತೀನಿ, ಕೋವಿಡ್ ಟೈಮಲ್ಲಿ ಶುರು ಮಾಡಿದ್ದು, ಈಗ್ಲೂ ಅದೇ ಅನ್ನ. ಸೆಷನ್‌ಗೆ 350. ಮಗುಗೆ ನಾನು ಥೆರಪಿ ಮಾಡಲ್ಲ, ತಾಯಿಗೆ ಹೇಳ್ಕೊಡ್ತೀನಿ. ಹತ್ತಿಯಿಂದ ದೀಪದ ಬತ್ತಿ ಹೊಸೆಯೋದು, ಹೂ ಕಟ್ಟೋದು, ದೋಸೆ ಹಿಟ್ಟು ಸೌಟಲ್ಲಿ ತಿರ್ಗಿಸೋದು, ಮನೇಲಿ ಇರೋದ್ರಲ್ಲೇ. ಉಯ್ಯಾಲೆ ಬೇಕಂದ್ರೆ ಜಗಲಿ ಜಂತಿಗೆ ಸೀರೆ ಕಟ್ಟಿ ಅಂತೀನಿ, ಹಳೇ ಮನೆ ಜಂತಿ ಆನೆ ಕಟ್ಟಿದ್ರೂ ಬೀಳಲ್ಲ, ಆದ್ರೂ ಒರಲೆ ಹಿಡ್ದಿದೆಯಾ ಅಂತ ವಿಡಿಯೋದಲ್ಲಿ ತೋರ್ಸಿ ಅಂತ ಕೇಳ್ತೀನಿ. ಕಷ್ಟ ಏನಂದ್ರೆ ನೆಟ್‌ವರ್ಕು. ನಮ್ ಕಡೆ ಕರೆಂಟ್ ಹೋದ್ರೆ ಟವರೂ ಹೋಗ್ತದೆ. ಒಬ್ಬ ತಾಯಿ ಗುಡ್ಡದ ಮೇಲೆ ಗೇರುಮರದ ಕೆಳಗೆ ನಿಂತು ಮಾತಾಡ್ತಾಳೆ, ಮಗು ಮನೇಲಿ! ಎಂತ ಅಸೆಸ್ ಮಾಡೋದು. ಇನ್ನೊಂದು, ಮೂರು ಸೆಷನ್ ರೆಕಾರ್ಡ್ ಮಾಡ್ಕೊಂಡು ನಾಕನೇದಕ್ಕೆ ಫೋನೇ ಎತ್ತಲ್ಲ, ಆಮೇಲೆ ನಾನ್ ಹೇಳಿದ ಎಕ್ಸರ್‌ಸೈಜೇ ಯಾರದ್ದೋ ವಾಟ್ಸಾಪ್ ಗ್ರೂಪಲ್ಲಿ ನಂಗೇ ಬರ್ತದೆ. ಲ್ಯಾಪ್‌ಟಾಪು, ಎರಡು ಕಂಪ್ನಿ ಸಿಮ್ಮು, ಇನ್ವರ್ಟರ್ ಸೇರಿ 92 ಸಾವಿರದಲ್ಲಿ ಮುಗೀತು ನಂದು. 4 ಲಕ್ಷ ಹಾಕಿ ಫೋಮಿಗೆ ಬೂಷ್ಟು ಹಿಡ್ಸೋದಕ್ಕಿಂತ ವಾಸಿ.

ವಿನೋಬನಗರ ಒಟಿ:
ಗುಡ್ಡದ ಮೇಲೆ ತಾಯಿ, ಮನೇಲಿ ಮಗು, ಅದಕ್ಕೆ 350. ಭೇಷ್.

ತುಂಗೆ ದಂಡೆ:
ಎಲ್ರಿಗೂ ಥ್ಯಾಂಕ್ಸ್, ಜಗಳ ಬೇಡ ಪ್ಲೀಸ್. ಒಂದೇ ಕೇಳ್ತೀನಿ, ತೀರ್ಥಹಳ್ಳಿ ಪೇಟೇಲಿ ಚಿಕ್ಕ ರೂಮ್ ಹಿಡ್ದು ವಾರದಲ್ಲಿ ಎರಡು ದಿನ ಕೈ ಕೇಸ್, ಮಿಕ್ಕ ದಿನ ಮನೆಗೆ ಹೋಗೋದು ಮಾಡಿದ್ರೆ ನಡೀತದಾ? ಮತ್ತೆ ಮರದಿಂದ ಬೀಳೋ ಕೇಸ್ ಈಗ್ಲೂ ಅಷ್ಟೇ ಇದೆಯಾ? ನಮ್ಮೂರಲ್ಲಿ ಮರ ಹತ್ತಿ ಅಡಿಕೆ ಕೊನೆ ಕೊಯ್ಯೋ ಕೊನೆಗೌಡ್ರೇ ಸಿಗ್ತಿಲ್ಲ, ಎಲ್ಲ ಕೆಳಗೇ ನಿಂತು ಕೊಯ್ಯೋ ಕಾರ್ಬನ್ ಫೈಬರ್ ದೋಟಿ.

ಸಾಗರ ರೋಡು:
ದೋಟಿ ಬಂದು ಬೀಳೋದು ಕಮ್ಮಿ ಆಗಿದೆ ನಮ್ ಕಡೆ, ಆದ್ರೆ ಕುತ್ತಿಗೆ ಭುಜ ಶುರುವಾಗಿದೆ. ದಿನವಿಡೀ ಮೇಲೆ ನೋಡ್ಕೊಂಡು 60 ಅಡಿ ಕೋಲು ಆಡ್ಸೋದು ಅಂದ್ರೆ ಹುಡುಗಾಟನಾ? ನಮ್ ತೋಟದಲ್ಲಿ ನಾನೇ ಆಡ್ಸಿದೀನಿ.

ಬಿಪಿಟಿ ಭದ್ರಾವತಿ:
ಭುಜ ಬಿಡಿ ಸರ್, ಕರೆಂಟ್ ಲೈನಿಗೆ ತಾಗಿದ್ರೆ ಜೀವವೇ ಹೋಗ್ತದೆ. ಕಾರ್ಬನ್ನಲ್ಲಿ ಕರೆಂಟ್ ಹರೀತದೆ. ಸಬ್ಸಿಡಿ ಕೊಡ್ತಾರೆ, ಲೈನ್ ಕೆಳಗೆ ಆಡ್ಸಬೇಡಿ ಅಂತ ಕೂತು ಹೇಳ್ಕೊಡೋರಿಲ್ಲ.

ಕೊಪ್ಪದ ಕೈ:
ಹೇಳ್ಕೊಡಲ್ಲ ಅನ್ನೋದು ಸುಳ್ಳು, ನಮ್ ಕಡೆ ಟ್ರೈನಿಂಗ್ ಮಾಡಿದಾರೆ, ನನ್ ತಮ್ಮನೇ ಹೋಗಿದ್ದ.

ಬಿಪಿಟಿ ಭದ್ರಾವತಿ:
ನಿಮ್ ತಮ್ಮ ಹೋದ್ರೆ ಜಿಲ್ಲೆಗೆಲ್ಲ ಆಯ್ತಾ? ನಿಮ್ದು ಚಿಕ್ಕಮಗಳೂರು, ನಮ್ದು ಶಿವಮೊಗ್ಗ.

ಸಾಗರ ರೋಡು:
ತೀರ್ಥಹಳ್ಳಿ ರೂಮ್ ಬಗ್ಗೆ: ಮಾಡಿ, ಆದ್ರೆ ಮೊದ್ಲ ಮಹಡಿ ಬೇಡ, ಸ್ಟ್ರೋಕ್ ಪೇಷೆಂಟನ್ನ ಹೊತ್ಕೊಂಡು ಹತ್ತಿಸೋದು ನಂಗೆ ಗೊತ್ತು. ದೋಟಿಗೆ ಸೊಂಟಕ್ಕೆ ಬೆಲ್ಟ್ ಕಟ್ಟಿ ಬುಡ ಅದ್ರಲ್ಲಿ ಕೂರೋ ಥರ ನಾನೊಂದು ಮಾಡಿದೀನಿ, ಭುಜದ ಮೇಲಿನ ಭಾರ ಕಮ್ಮಿ ಆಗ್ತದೆ. ಮುಂದಿನ ಮೀಟಿಂಗಲ್ಲಿ ತೋರಿಸ್ತೀನಿ, ಭಾನುವಾರ ಬೆಳಿಗ್ಗೆ 10ಕ್ಕೆ. ಕೊಪ್ಪದ ಅಕ್ಕ ಇಡ್ಲಿ ಪಾತ್ರೆ ಸ್ಪ್ಲಿಂಟ್ ತೋರ್ಸಿ.

ವಿನೋಬನಗರ ಒಟಿ:
ಭಾನುವಾರ ಬೆಳಿಗ್ಗೆ ಬೇಡ, ನಂಗೆ ಬ್ಯಾಕ್ ಟು ಬ್ಯಾಕ್ ಮಕ್ಕಳು ಇರ್ತಾರೆ ಅಂತ ಎಷ್ಟು ಸಲ ಹೇಳೋದು. ರಾತ್ರಿ 8ಕ್ಕೆ ಇಡಿ.

ಶೃಂಗೇರಿ ಸಿಗ್ನಲ್:
8ಕ್ಕೆ ನಮ್ಮಲ್ಲಿ ಕರೆಂಟ್ ಇರಲ್ಲ.

ವಿನೋಬನಗರ ಒಟಿ:
ಗುಡ್ಡ ಹತ್ತಿ.