ಕಾಂಬೋಡಿಯಾದ ಅನಾಥಾಶ್ರಮಕ್ಕೆ ಸೇವೆ, ಚಂದಾ: ಹೊರಡುವ ಮುನ್ನ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಬೆಂಗಳೂರು): ನಮಸ್ಕಾರ. ಜನವರಿಯಲ್ಲಿ ಅಂಕೋರ್ ವಾಟ್ ನೋಡಲು ಆಫೀಸಿನ ಐದು ಜನ ಹೊರಟಿದ್ದೇವೆ. ಅಂಕೋರ್ ಪಕ್ಕದ ಊರು ಸಿಯೆಮ್ ರೀಪ್‌ನ ಒಂದು ಅನಾಥಾಶ್ರಮದವರು ಎರಡು ವಾರಕ್ಕೆ ಸ್ವಯಂಸೇವಕರನ್ನು ಸೇರಿಸಿಕೊಳ್ಳುತ್ತಾರಂತೆ. ಊಟ, ವಸತಿ ಸೇರಿ ತಲೆಗೆ 400 ಡಾಲರ್, ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸ. ಸಹೋದ್ಯೋಗಿಗಳಿಂದ ಏಳೆಂಟು ಲಕ್ಷ ಚಂದಾ ಎತ್ತಿ ಕೊಂಡೊಯ್ಯುವ ಯೋಚನೆಯೂ ಇದೆ. ಏನೇನು ನೋಡಿಕೊಳ್ಳಬೇಕು?

ಉತ್ತರ (ಮಕ್ಕಳ ರಕ್ಷಣೆ ಕ್ಷೇತ್ರದವರು): ಅಂಕೋರ್ ನೋಡಿ ಬನ್ನಿ, ಆಶ್ರಮ ಬಿಡಿ. ಒರಟಾಗಿ ಕೇಳಿಸಿದರೆ ಕ್ಷಮಿಸಿ. ಕಾರಣ ಇಷ್ಟು: 2011ರಲ್ಲಿ ಅಲ್ಲಿನ ಸಮಾಜ ಕಲ್ಯಾಣ ಸಚಿವಾಲಯ ಮತ್ತು ಯುನಿಸೆಫ್ ಸೇರಿ ನಡೆಸಿದ ಅಧ್ಯಯನದಲ್ಲಿ, ಇಂಥ ಆಶ್ರಮಗಳ ಶೇ. 77ರಷ್ಟು ಮಕ್ಕಳಿಗೆ ತಾಯಿ ಅಥವಾ ತಂದೆ, ಕನಿಷ್ಠ ಒಬ್ಬರಾದರೂ ಬದುಕಿದ್ದಾರೆ ಎಂದು ಗೊತ್ತಾಯಿತು. 2005ರಿಂದ 2010ರ ನಡುವೆ ಆಶ್ರಮಗಳ ಸಂಖ್ಯೆ ಶೇ. 75ರಷ್ಟು ಏರಿತ್ತು. ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಖ್ಮೇರ್ ರೂಜ್ ಆಡಳಿತ ಮುಗಿದದ್ದು 1979ರಲ್ಲಿ. ಯುದ್ಧದ ಅನಾಥರು ಅಷ್ಟು ಹೊತ್ತಿಗೆ ದೊಡ್ಡವರಾಗಿದ್ದರು. ಹೆಚ್ಚಿದ್ದು ಪ್ರವಾಸಿಗರು, ಪ್ರವಾಸಿಗರ ಜೊತೆ ಡಾಲರ್.

ನಡೆಯುವುದು ಹೀಗೆ. ಯಾರೋ ಹಳ್ಳಿಗೆ ಬಂದು "ಮಗುವಿಗೆ ಶಾಲೆ, ಇಂಗ್ಲಿಷ್, ಮೂರು ಹೊತ್ತು ಊಟ" ಎನ್ನುತ್ತಾರೆ. ಸಾಲದಲ್ಲಿರುವ ತಂದೆತಾಯಿ ಒಪ್ಪುತ್ತಾರೆ. ಆಶ್ರಮದ ಆದಾಯ ಮಕ್ಕಳ ತಲೆ ಎಣಿಕೆಯ ಮೇಲೆ ನಿಂತಿರುವಾಗ, ಮಗುವನ್ನು ಮನೆಗೆ ಕಳಿಸಲು ಯಾರಿಗೂ ಆತುರವಿರುವುದಿಲ್ಲ. ನಿಮ್ಮ 400 ಡಾಲರ್ ಹೋಗುವುದು ಅಲ್ಲಿಗೆ.

ಇನ್ನು ಎರಡು ವಾರದ ಸೇವೆ. ನೀವು ಗೇಟಿನೊಳಗೆ ಕಾಲಿಟ್ಟ ಐದೇ ನಿಮಿಷದಲ್ಲಿ ಮೂರು ವರ್ಷದ ಮಗು ಬಂದು ತೊಡೆ ಹತ್ತಿ ಕೂರುತ್ತದೆ. ಬಂದವರಿಗೆ ಅದು ಪ್ರೀತಿಯಾಗಿ ಕಾಣುತ್ತದೆ. ಮನೆಯಲ್ಲಿ ಬೆಳೆದ ಅದೇ ವಯಸ್ಸಿನ ಮಗು ಅಪರಿಚಿತರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ. ಯಾರೆಂದು ನೋಡದೆ ಅಂಟಿಕೊಳ್ಳುವುದು, ಆರೈಕೆ ಮಾಡುವವರು ಪದೇಪದೇ ಬದಲಾದ ಮಕ್ಕಳಲ್ಲಿ ಕಾಣುವ ತೊಂದರೆ. ನೀವು ಹೋದ ಮೇಲೆ ಇನ್ನೊಬ್ಬರು, ಅವರಾದ ಮೇಲೆ ಮತ್ತೊಬ್ಬರು. ಇಂಗ್ಲಿಷ್ ಪಾಠದ ಗತಿಯೂ ಅಷ್ಟೇ, ಹೊಸಬರು ಬಂದಾಗಲೆಲ್ಲ ಬಣ್ಣಗಳ ಹೆಸರಿನಿಂದ ಮತ್ತೆ ಶುರು.

ಪ್ರಶ್ನೆ (ಮೈಸೂರು): ಮೇಡಂ, ಎಲ್ಲ ಆಶ್ರಮಗಳನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯೇ? ನಿಜವಾಗಿ ಯಾರೂ ಇಲ್ಲದ ಮಕ್ಕಳೂ ಇರುತ್ತಾರಲ್ಲ?

ಉತ್ತರ (ಮಕ್ಕಳ ರಕ್ಷಣೆ): ಇರುತ್ತಾರೆ, ಅವರಿಗೆ ವ್ಯವಸ್ಥೆ ಬೇಕೇ ಬೇಕು. ಅಜ್ಜಿ, ಚಿಕ್ಕಪ್ಪ, ಸಾಕು ಕುಟುಂಬ ಯಾವುದೂ ಆಗದಿದ್ದಾಗ ಕೊನೆಯ ಆಯ್ಕೆಯಾಗಿ ಕೆಲವೇ ಮಕ್ಕಳಿರುವ ಚಿಕ್ಕ ಆಶ್ರಯ ಮನೆ. ಮಕ್ಕಳ ಬದಲಿ ಆರೈಕೆ ಕುರಿತ 2009ರ ವಿಶ್ವಸಂಸ್ಥೆಯ ಮಾರ್ಗಸೂಚಿ ಹೇಳುವುದೂ ಇದನ್ನೇ. ಆಶ್ರಮಗಳ ನಿರ್ವಹಣೆಗೆ ಕಾಂಬೋಡಿಯಾ ಸರ್ಕಾರ 2015ರಲ್ಲಿ ಪ್ರತ್ಯೇಕ ಉಪ-ಆದೇಶವನ್ನೇ ಹೊರಡಿಸಿದೆ. ಹಾಗಾಗಿ ಮೊದಲು ಸಚಿವಾಲಯದ ನೋಂದಣಿ ಪತ್ರ ಕೇಳಿ.

ಅದು ಸಿಕ್ಕಿತೆಂದು ನಿರಾಳರಾಗಬೇಡಿ. ಇಮೇಲ್‌ನಲ್ಲಿ ಇನ್ನೊಂದಿಷ್ಟು ಕೇಳಿ. ಪ್ರತಿ ಮಗುವಿಗೂ ಕಡತ ಇದೆಯೇ, ಅದರಲ್ಲಿ ತಂದೆತಾಯಿಯ ಹೆಸರು, ಹಳ್ಳಿ, ಸೇರಿಸಿಕೊಂಡ ಕಾರಣ, ಮನೆಯವರು ಕೊನೆಯ ಬಾರಿ ಬಂದ ದಿನ ಬರೆದಿದೆಯೇ? (ಕಡತ ತೋರಿಸಿ ಎನ್ನಬೇಡಿ. ಕೇಳಿದವರಿಗೆಲ್ಲ ತೋರಿಸುವ ಸಂಸ್ಥೆಯೇ ತಪ್ಪು ಸಂಸ್ಥೆ.) ಹೋದ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು? ರಾತ್ರಿ ಪಾಳಿಯಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಜನ? ಕೊನೆಯದಕ್ಕೆ ಉತ್ತರ ತಡವರಿಸಿದರೆ ಎಚ್ಚರ, ಏಕೆಂದರೆ ಹಗಲಲ್ಲಿ ಸ್ವಯಂಸೇವಕರು ತುಂಬಿರುತ್ತಾರೆ, ರಾತ್ರಿ ಒಬ್ಬರೂ ಇಲ್ಲದಿರಬಹುದು.

ದಾರಿಯಲ್ಲಿ ಹೋಗುವವರನ್ನು ಒಳಗೆ ಕರೆಯುವುದು, ಸಂಜೆ ಮಕ್ಕಳಿಂದ ನೃತ್ಯ ಮಾಡಿಸಿ ಡಬ್ಬಿ ಹಿಡಿಯುವುದು, ಮಕ್ಕಳ ಕೈಯಲ್ಲೇ ಕರಪತ್ರ ಹಂಚಿಸುವುದು: ಇವು ಕಂಡರೆ ವಿಚಾರಣೆಯೂ ಬೇಡ, ಹೊರಟುಬಿಡಿ. ಪೊಲೀಸ್ ಪರಿಶೀಲನಾ ಪತ್ರ ಕೇಳದೆ ನಿಮ್ಮನ್ನು ಮಕ್ಕಳ ಬಳಿ ಬಿಟ್ಟವರು, ನಾಳೆ ಬರುವ ಯಾವನನ್ನಾದರೂ ಹಾಗೇ ಬಿಡುತ್ತಾರೆ.

ಪ್ರಶ್ನೆ (ಬೆಂಗಳೂರು): ಸರಿ, ಆಶ್ರಮಕ್ಕೆ ಹೋಗುವುದಿಲ್ಲ. ಬೇರೆ ಒಳ್ಳೆಯ ಸಂಸ್ಥೆಗೆ ಹಣವನ್ನಾದರೂ ಕೊಡುತ್ತೇವೆ. ನನ್ನ ಯುಪಿಐಗೆ ಎಲ್ಲರೂ ಹಾಕಿ ನಾನೇ ಕಳಿಸಬಹುದೇ? ಇಲ್ಲವೇ ನಮ್ಮ ಬಡಾವಣೆಯ ಟ್ರಸ್ಟ್ ಖಾತೆಯಿಂದ?

ಉತ್ತರ (ಚಾರ್ಟರ್ಡ್ ಅಕೌಂಟೆಂಟ್): ಎರಡೂ ಬೇಡ ಸರ್.

ಟ್ರಸ್ಟ್ ಖಾತೆಯ ವಿಷಯ ಮೊದಲು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸುವ ಉದಾರೀಕೃತ ಯೋಜನೆ) ಅಡಿಯಲ್ಲಿ ಹೊರದೇಶಕ್ಕೆ ದಾನ ಕಳಿಸುವ ಅವಕಾಶ ಇರುವುದು ವ್ಯಕ್ತಿಗಳಿಗೆ ಮಾತ್ರ. ಟ್ರಸ್ಟ್, ಕಂಪನಿ, ಪಾಲುದಾರಿಕೆ ಸಂಸ್ಥೆಗೆ ಇಲ್ಲ. ಜೊತೆಗೆ, ಟ್ರಸ್ಟ್ ತನ್ನ ಆದಾಯವನ್ನು ಭಾರತದ ಹೊರಗೆ ಖರ್ಚು ಮಾಡಿದರೆ ಆ ಭಾಗಕ್ಕೆ ತೆರಿಗೆ ವಿನಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ, ನೇರ ತೆರಿಗೆ ಮಂಡಳಿಯ ಆದೇಶ ಬೇಕು. ಚಂದಾ ಎತ್ತಿ ಮುಗಿಸಿ, ಫೋಟೋ ಹಾಕಿ ಆದ ಮೇಲೆ ಬ್ಯಾಂಕಿನವರು "ಆಗಲ್ಲ" ಎಂದಾಗ ಹಣ ವಾಪಸ್ ಕೊಡುವುದೇ ದೊಡ್ಡ ಕೆಲಸವಾಗುತ್ತದೆ.

ನಿಮ್ಮ ಸ್ವಂತ ಖಾತೆ ಇನ್ನೂ ಕಷ್ಟ. ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ ಬಂದ ಹಣ ಒಟ್ಟು 50,000 ರೂಪಾಯಿ ದಾಟಿದರೆ, ದಾಟಿದಷ್ಟಕ್ಕಲ್ಲ, ಪೂರ್ತಿ ಮೊತ್ತಕ್ಕೆ ನಿಮ್ಮ ಮೇಲೆ ತೆರಿಗೆ ಬರಬಹುದು. "ನಾನು ಬರೀ ದಾಟಿಸಿದವನು" ಎಂದು ಕಾಗದಪತ್ರ ಇಟ್ಟು ರುಜುವಾತು ಮಾಡುವ ಹೊರೆ ನಿಮ್ಮದೇ. ನೋಟಿಸ್ ಬರುವ ಹೊತ್ತಿಗೆ ಚಂದಾ ಕೊಟ್ಟವರಲ್ಲಿ ಅರ್ಧ ಜನ ಕೆಲಸ ಬದಲಿಸಿರುತ್ತಾರೆ.

ನಗದು ಹಿಡಿದು ಹೋಗುವ ಮಾತಂತೂ ಬಿಡಿ. ವಿದೇಶಿ ನೋಟು ಒಂದು ಪ್ರಯಾಣಕ್ಕೆ ಸಾಮಾನ್ಯವಾಗಿ 3,000 ಡಾಲರ್‌ವರೆಗೆ ಮಾತ್ರ, ಅದೂ ಪ್ರವಾಸದ ಖರ್ಚಿಗೆ.

ದಾರಿ ಒಂದೇ: ಪ್ರತಿಯೊಬ್ಬರೂ ಅವರವರ ಖಾತೆಯಿಂದ ಕಳಿಸುವುದು. ಬ್ಯಾಂಕಿನಲ್ಲಿ ಎ2 ಫಾರ್ಮ್ (ಹೊರದೇಶಕ್ಕೆ ಹಣ ಕಳಿಸುವ ಅರ್ಜಿ), ಪ್ಯಾನ್, ಸಂಸ್ಥೆಯ ಹೆಸರು, ವಿಳಾಸ, ಖಾತೆ ಸಂಖ್ಯೆ, ಅವರ ಬ್ಯಾಂಕನ್ನು ಗುರುತಿಸುವ ಸ್ವಿಫ್ಟ್ ಕೋಡ್ ಬೇಕು. ಉದ್ದೇಶ ಸಂಕೇತ ಎಸ್1303, ಅಂದರೆ ಹೊರದೇಶದ ಧಾರ್ಮಿಕ ಮತ್ತು ದತ್ತಿ ಸಂಸ್ಥೆಗಳಿಗೆ ದಾನ. ಕೌಂಟರಿನಲ್ಲಿ ಅಭ್ಯಾಸಬಲದಿಂದ ಕುಟುಂಬ ನಿರ್ವಹಣೆಯ ಎಸ್1301 ಹಾಕಿಬಿಡುತ್ತಾರೆ, ಸಹಿ ಮಾಡುವ ಮುನ್ನ ನೋಡಿ. ಶುಲ್ಕದ ಕಾಲಂನಲ್ಲಿ "ಅವರ್" ಆಯ್ಕೆ ಮಾಡಿದರೆ ವೆಚ್ಚ ನಿಮ್ಮ ತಲೆಗೆ ಬರುತ್ತದೆ. "ಶೇರ್ಡ್" ಆದರೆ ನಡುವಿನ ಬ್ಯಾಂಕುಗಳು ಕಳಿಸಿದ ಮೊತ್ತದಲ್ಲೇ ಮುರಿದುಕೊಳ್ಳುತ್ತವೆ. ತಿಂಗಳಿಗೆ ಎರಡು ಸಾವಿರ ಕಳಿಸಿದರೆ ಬಹುಪಾಲು ಶುಲ್ಕಕ್ಕೇ ಹೋದೀತು. ವರ್ಷಕ್ಕೊಮ್ಮೆ ಒಟ್ಟಿಗೆ ಕಳಿಸಿ, ಇಲ್ಲವೇ ಸಂಸ್ಥೆಯ ಜಾಲತಾಣದಲ್ಲಿ ಕಾರ್ಡ್ ಬಳಸಿ. ಒಬ್ಬರ ಕಳುಹಿಕೆ ವರ್ಷಕ್ಕೆ 10 ಲಕ್ಷ ದಾಟಿದರೆ ದಾಟಿದ ಭಾಗಕ್ಕೆ ಶೇ. 20 ಟಿಸಿಎಸ್ (ಬ್ಯಾಂಕ್ ಮೊದಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. ಅದು ರಿಟರ್ನ್‌ನಲ್ಲಿ ಹೊಂದಾಣಿಕೆಯಾಗುತ್ತದೆ. ದಾನಕ್ಕೆ ಸಿಗುವ 80ಜಿ ಥರದ ತೆರಿಗೆ ರಿಯಾಯಿತಿ ಹೊರದೇಶದ ಸಂಸ್ಥೆಗೆ ಕೊಟ್ಟ ದಾನಕ್ಕೆ ಇಲ್ಲ.

ಪ್ರಶ್ನೆ (ನ್ಯೂಜೆರ್ಸಿ): ನಮ್ಮ ಕನ್ನಡ ಕೂಟದವರು ಕಾಂಬೋಡಿಯಾದ ಬಟಾಂಬಾಂಗ್ ಕಡೆಯ ಒಂದು ಆಶ್ರಮಕ್ಕೆ ಮೂರು ವರ್ಷದಿಂದ ಹಣ ಕಳಿಸುತ್ತಿದ್ದೇವೆ. ಒಬ್ಬೊಬ್ಬ ಸದಸ್ಯರಿಗೆ ಒಂದೊಂದು ಮಗು. ಇದನ್ನೆಲ್ಲ ಓದಿದ ಮೇಲೆ ನಿಲ್ಲಿಸಿಬಿಡೋಣ ಅನ್ನಿಸುತ್ತಿದೆ.

ಉತ್ತರ (ಮಕ್ಕಳ ರಕ್ಷಣೆ): ದಯವಿಟ್ಟು ಏಕಾಏಕಿ ನಿಲ್ಲಿಸಬೇಡಿ. ಹಣ ನಿಂತ ತಿಂಗಳು ಮೊದಲು ಕಡಿಮೆಯಾಗುವುದು ಮಕ್ಕಳ ಊಟ, ಆಮೇಲೆ ಅಡುಗೆಯವರು. ಆಶ್ರಮ ರಾತ್ರೋರಾತ್ರಿ ಮುಚ್ಚಿದರೆ ಮಕ್ಕಳನ್ನು ಇನ್ನೊಂದು ಆಶ್ರಮಕ್ಕೆ ಸಾಗಿಸುತ್ತಾರೆ.

ಆಡಳಿತದವರಿಗೆ ಬರೆಯಿರಿ: ಹಣ ಮುಂದುವರಿಯುತ್ತದೆ, ಆದರೆ ಹೊಸ ಮಕ್ಕಳನ್ನು ಸೇರಿಸಿಕೊಳ್ಳುವುದು ನಿಲ್ಲಲಿ, ಒಬ್ಬ ಸಮಾಜ ಕಾರ್ಯಕರ್ತರನ್ನು ನೇಮಿಸಿ, ಅವರ ಸಂಬಳ ನಮ್ಮದು. ಮಗುವಿನ ಮನೆ ಹುಡುಕುವುದು, ಮನೆ ಸುರಕ್ಷಿತವೇ ಎಂದು ಅಳೆಯುವುದು, ನಡುನಡುವೆ ಭೇಟಿ ಮಾಡಿಸುವುದು, ಮರಳಿದ ಮೇಲೂ ಕನಿಷ್ಠ ಒಂದು ವರ್ಷ ಹೋಗಿ ನೋಡುವುದು, ಇಷ್ಟೂ ಬೇಕು. ಹಿಂಸೆಯಿದ್ದ ಮನೆಗೆ ಮಗುವನ್ನು ಮರಳಿಸಬಾರದು. ಅಂಥವರಿಗೆ ಸಾಕು ಕುಟುಂಬ. ಬಟಾಂಬಾಂಗ್‌ನಲ್ಲೇ ಮಾದರಿಯಿದೆ. ಆಸ್ಟ್ರೇಲಿಯಾದ ಟಾರಾ ವಿಂಕ್ಲರ್ 2007ರಲ್ಲಿ ಕಾಂಬೋಡಿಯನ್ ಚಿಲ್ಡ್ರನ್ಸ್ ಟ್ರಸ್ಟನ್ನು ಆಶ್ರಮವಾಗಿಯೇ ಶುರು ಮಾಡಿದ್ದು. ಬಹಳ ಮಕ್ಕಳಿಗೆ ಮನೆಯವರಿದ್ದಾರೆ ಎಂದು ತಿಳಿದ ಮೇಲೆ ಅದನ್ನು ಕುಟುಂಬಗಳಿಗೆ ನೆರವಾಗುವ ಸಂಸ್ಥೆಯಾಗಿ ಬದಲಿಸಿದರು.

ಆಡಳಿತದವರು ಇದಕ್ಕೆ ಒಪ್ಪದಿದ್ದರೆ, ಅವರಿಗೆ ಬೇಕಾದದ್ದು ಮಕ್ಕಳೋ ಮಕ್ಕಳ ಸಂಖ್ಯೆಯೋ ಎಂಬುದು ನಿಮಗೆ ತಿಳಿಯುತ್ತದೆ. ಆಗ ಆರು ತಿಂಗಳ ಮುನ್ಸೂಚನೆ ಕೊಟ್ಟು, ಸ್ಥಳೀಯ ಮಕ್ಕಳ ರಕ್ಷಣಾ ಸಂಸ್ಥೆಗೂ ತಿಳಿಸಿ ಹಿಂದೆ ಸರಿಯಿರಿ.

ಸದಸ್ಯರಿಗೊಂದು ಮಗು ಎಂಬ ಪದ್ಧತಿ ಕೈಬಿಡಿ. ಒಂದು ಮಗುವಿಗೆ ಅಮೆರಿಕದಿಂದ ಸೈಕಲ್ ಬರುತ್ತದೆ, ಪಕ್ಕದ ಹಾಸಿಗೆಯವನಿಗೆ ಏನೂ ಇಲ್ಲ. ನಿರ್ದಿಷ್ಟ ವ್ಯಕ್ತಿಗೆಂದು ಮೀಸಲಿಟ್ಟ ಹಣಕ್ಕೆ ಅಮೆರಿಕದಲ್ಲಿ ತೆರಿಗೆ ಕಡಿತವೂ ಸಿಗುವುದಿಲ್ಲ, ಕೂಟದ ಖಜಾಂಚಿಯವರಿಗೆ ಹೇಳಿ.

ಪ್ರಶ್ನೆ (ಹುಬ್ಬಳ್ಳಿ): ಹಳೆ ಬಟ್ಟೆ, ಆಟಿಕೆ ಪಾರ್ಸೆಲ್ ಮಾಡಿದರೆ?

ಉತ್ತರ (ಮಕ್ಕಳ ರಕ್ಷಣೆ): ಬೇಡ. ಸಾಗಣೆ, ಕಸ್ಟಮ್ಸ್ ಖರ್ಚಿನಲ್ಲಿ ಅಲ್ಲಿನ ಮಾರುಕಟ್ಟೆಯಲ್ಲೇ ಹೊಸ ಸಮವಸ್ತ್ರ ಬರುತ್ತದೆ. ಕೊಡುವವರು ಹಿಂಜರಿಯುವುದು ಸಂಬಳಕ್ಕೆ, ಪೆಟ್ರೋಲಿಗೆ. ನಿಜವಾಗಿ ಕೊರತೆ ಇರುವುದೂ ಅಲ್ಲೇ. ಸಮಾಜ ಕಾರ್ಯಕರ್ತೆಯ ಬೈಕಿಗೆ ಎಣ್ಣೆ ಇಲ್ಲದಿದ್ದರೆ ಹಳ್ಳಿಗೆ ಮರಳಿದ ಮಗುವನ್ನು ನೋಡಲು ಯಾರೂ ಹೋಗುವುದಿಲ್ಲ.

ಪ್ರಶ್ನೆ (ಬೆಂಗಳೂರು): ಕೊನೆಯದಾಗಿ, ನಮ್ಮ ಕೌಶಲವನ್ನು ಯಾವ ರೀತಿಯಲ್ಲೂ ಕೊಡುವಂತಿಲ್ಲವೇ? ಮತ್ತೆ, ಸಿಯೆಮ್ ರೀಪ್‌ನಲ್ಲಿ ಮಕ್ಕಳು ಕೈಯೊಡ್ಡಿದರೆ ಏನು ಮಾಡುವುದು?

ಉತ್ತರ (ಮಕ್ಕಳ ರಕ್ಷಣೆ): ಕೊಡಬಹುದು, ಸಿಬ್ಬಂದಿಗೆ. ಲೆಕ್ಕಪತ್ರ, ಡೇಟಾಬೇಸ್, ವರದಿ ಬರವಣಿಗೆ, ಇವು ಬೆಂಗಳೂರಿನಲ್ಲಿ ಕೂತೇ ಆಗುತ್ತವೆ. ಅಲ್ಲೇ ಹೋಗಬೇಕೆಂದರೆ ಮೂರರಿಂದ ಆರು ತಿಂಗಳು ಇಟ್ಟುಕೊಳ್ಳಿ. ಪ್ರವಾಸಿ ವೀಸಾದಲ್ಲಿ ಬೇಡ, ಕೆಲಸಕ್ಕೆ ಬರುವವರಿಗಿರುವ ಇ ವರ್ಗದ ವೀಸಾ ತೆಗೆದುಕೊಳ್ಳಿ, ಕೆಲಸದ ಪರವಾನಗಿ ಯಾರು ಮಾಡಿಸುತ್ತಾರೆಂದು ಸಂಸ್ಥೆಯಿಂದ ಬರವಣಿಗೆಯಲ್ಲಿ ಪಡೆಯಿರಿ.

ಬೀದಿಯಲ್ಲಿ ಕೆಲವರು ಕಂಕುಳಲ್ಲಿ ಕೂಸಿಟ್ಟುಕೊಂಡು "ದುಡ್ಡು ಬೇಡ, ಹಾಲಿನ ಪುಡಿ ಕೊಡಿಸಿ" ಎಂದು ಅಂಗಡಿಗೆ ಕರೆದೊಯ್ಯುತ್ತಾರೆ. ನೀವು ಅತ್ತ ತಿರುಗಿದ ಮೇಲೆ ಡಬ್ಬಿ ಮತ್ತೆ ಅದೇ ಅಂಗಡಿಯ ಕಪಾಟಿಗೆ ಹೋಗುತ್ತದೆ, ಹಣ ಹಂಚಿಕೆಯಾಗುತ್ತದೆ. ಕೊಡಬೇಡಿ, ಮಕ್ಕಳು ಮಾರುವ ಪೋಸ್ಟ್‌ಕಾರ್ಡ್, ಬಳೆಯೂ ಬೇಡ. ಮಕ್ಕಳು ದುಡಿದಷ್ಟು ದಿನ ಶಾಲೆಗೆ ಕಳಿಸುವುದಿಲ್ಲ. ಯುವಕರಿಗೆ ಅಡುಗೆ ತರಬೇತಿ ಕೊಡುವ ಹೋಟೆಲುಗಳಲ್ಲಿ ಉಂಡರೆ, ಒಂದು ಸಂಜೆ ಫಾರ್ ಸರ್ಕಸ್ ನೋಡಿದರೆ ಹಣ ಸರಿಯಾದ ಕಡೆ ಹೋಗುತ್ತದೆ. ಬಟಾಂಬಾಂಗ್‌ನ ಕಲಾಶಾಲೆಯಲ್ಲಿ ಕಲಿತವರು ಅಲ್ಲಿ ಸಂಬಳಕ್ಕೆ ಕುಣಿಯುತ್ತಾರೆ. ಟಿಕೆಟ್ ಮುಂಚೆಯೇ ತೆಗೆದುಕೊಳ್ಳಿ, ಜನವರಿಯಲ್ಲಿ ಜನ ಜಾಸ್ತಿ.