ಅಪ್‌ಡೇಟ್: ಹಲ್ಲಿನ ಡಾಕ್ಟರ್ ಅಂದರೆ ಕಿರುಚುತ್ತಿದ್ದ ಮಗ

ಆಟಿಸಂ ಇರುವ ನನ್ನ ಏಳು ವರ್ಷದ ಮಗ ಡೆಂಟಲ್ ಕುರ್ಚಿ ನೋಡಿದರೇ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ, ದವಡೆ ಹಲ್ಲು ಹುಳುಕಾಗಿದೆ, ಏನು ಮಾಡಲಿ ಅಂತ ಕೇಳಿದ್ದೆ. ಮಕ್ಕಳ ಹಲ್ಲಿನ ಡಾಕ್ಟರನ್ನೇ ಹುಡುಕಿ ಅಂದವರಿಗೆ ಥ್ಯಾಂಕ್ಸ್. ಸಿಕ್ಕಿದರು.

ಫೋನಿನಲ್ಲಿ ಅವರು ಮೊದಲು ಕೇಳಿದ್ದೇ ಅವನಿಗೆ ಯಾವ ಸದ್ದು, ಯಾವ ವಾಸನೆ ಆಗುವುದಿಲ್ಲ ಅಂತ. ಕಾಯುವುದು ಬೇಡ ಅಂತ ಬೆಳಗಿನ ಮೊದಲ ಅಪಾಯಿಂಟ್‌ಮೆಂಟ್ ಕೊಟ್ಟರು. ಕುರ್ಚಿ, ಲೈಟು, ಬಾಯೊಳಗೆ ಇಡುವ ಪುಟ್ಟ ಕನ್ನಡಿಯ ಫೋಟೊ ಕಳಿಸಿದರು. ಮನೆಯಲ್ಲಿ ದಿನಾ ಅದೇ ಕ್ರಮದಲ್ಲಿ ತೋರಿಸಿದೆವು. ಅಲ್ಲಿ ಕನ್ನಡಿಯನ್ನು ಮೊದಲು ಅವನ ಉಗುರಿಗೆ ತಾಗಿಸಿದರು, ಆಮೇಲೆ ತುಟಿಗೆ, ಆಮೇಲೆ ಹಲ್ಲಿಗೆ. ಲೈಟು ಕಣ್ಣಿಗೆ ಹೊಡೆಯದ ಹಾಗೆ ಕೂಲಿಂಗ್ ಗ್ಲಾಸ್. ಎಕ್ಸ್‌ರೇಗೆ ಹಾಕುವ ಸೀಸದ ಏಪ್ರನ್ ಭಾರ ಅವನಿಗೆ ಎಷ್ಟು ಹಿತವಾಯಿತು ಅಂದರೆ, ಬಿಚ್ಚೋಕೇ ಬಿಡಲಿಲ್ಲ!

ಡ್ರಿಲ್ ಮಾಡಲಿಲ್ಲ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನುವ ದ್ರವ ಹಚ್ಚಿದರು. ಹುಳುಕು ಹರಡುವುದನ್ನು ತಡೆಯುತ್ತದಂತೆ, ಆದರೆ ಆ ಜಾಗ ಕಪ್ಪಾಗುತ್ತದೆ. ನೋವು ಶುರುವಾದ ಆಳದ ಹುಳುಕಿಗೆ ಇದು ಸಾಲದು. ನಮ್ಮ ಅತ್ತೆಗೆ ಕಪ್ಪು ಹಲ್ಲಿನದ್ದೇ ಚಿಂತೆ. ಹಾಲುಹಲ್ಲು ಅಲ್ವಾ, ಹೇಗೂ ಬೀಳುತ್ತದೆ ಬಿಡಿ.

ಎಂಜಲು ಎಳೆಯುವ ಪೈಪಿನ ಸದ್ದಿಗೆ ಮಾತ್ರ ಇನ್ನೂ ಅಳುತ್ತಾನೆ. ಮುಂದಿನ ಸಲ ಹೆಡ್‌ಫೋನ್ ತನ್ನಿ ಅಂದಿದ್ದಾರೆ.