ಸಹಾಯ ಬೇಕು: ಸ್ವಿಫ್ಟ್‌ಗೆ 16 ಇಂಚಿನ ಅಲಾಯ್, ಟೈರ್ ಬದಲಿಸಲೇ ಅಥವಾ ಸ್ಪೇಸರ್ ಹಾಕಿಸಲೇ?

ಪುಣೆ ಕನ್ನಡ ಬಳಗದ ಎಲ್ಲರಿಗೂ ನಮಸ್ಕಾರ. ನನ್ನದು 2019ರ ಸ್ವಿಫ್ಟ್. ಕಂಪನಿ ಟೈರ್ 185/65 ಆರ್15 (ಅಗಲ 185 ಎಂಎಂ, ಬದಿಯ ಎತ್ತರ ಆ ಅಗಲದ 65%, ರಿಮ್ 15 ಇಂಚು). ಎರಡು ತಿಂಗಳ ಹಿಂದೆ ಚಿಂಚವಡದಲ್ಲಿ ಸೆಕೆಂಡ್ ಹ್ಯಾಂಡ್ 16 ಇಂಚಿನ ಅಲಾಯ್ ಚಕ್ರ ತಗೊಂಡೆ. ರಿಮ್ ಅಗಲ 6.5 ಇಂಚು, ಆಫ್‌ಸೆಟ್ 40 ಎಂಎಂ (ರಿಮ್‌ನ ನಡುಗೆರೆಯಿಂದ ಹಬ್‌ಗೆ ತಾಗುವ ಮುಖಕ್ಕೆ ಇರುವ ದೂರ; ಇದು ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ). ಅಂಗಡಿಯವರ ಮಾತು ಕೇಳಿ 205/55 ಟೈರ್ ಹಾಕಿಸಿದೆ.

ಊರೊಳಗೆ ಏನೂ ತೊಂದರೆ ಇರಲಿಲ್ಲ. ಹೋದ ವಾರ ನಾಲ್ಕು ಜನ, ಲಗೇಜ್ ತುಂಬಿಕೊಂಡು ಬೆಳಗಾವಿಗೆ ಹೊರಟಾಗ ಖಂಬಾಟ್ಕಿ ಘಾಟ್‌ನಲ್ಲಿ ಹಿಂದಿನಿಂದ ಕರಕರ ಸದ್ದು ಶುರುವಾಯಿತು. ಇಳಿದು ನೋಡಿದರೆ ಹಿಂದಿನ ಫೆಂಡರ್‌ನ ಒಳಅಂಚು ಉಜ್ಜಿ ಹೊಳೆಯುತ್ತಿತ್ತು, ಕೈಗೆ ಕಪ್ಪು ರಬ್ಬರ್ ಪುಡಿ ಹತ್ತಿತು. ಮಕ್ಕಳು ಗಾಡಿಯಲ್ಲೇ ಇದ್ದರು, ನಿಜವಾಗಿ ಹೆದರಿದೆ. ಮುಂದಿನ ಚಕ್ರಗಳದ್ದು ಬೇರೆ ಕಥೆ. ಟೈರ್‌ಗೂ ಒಳಗಿನ ಸ್ಟ್ರಟ್‌ಗೂ (ಶಾಕ್ ಅಬ್ಸಾರ್ಬರ್ ಕಂಬ) ನಡುವೆ ಎರಡು ನಾಣ್ಯ ಜೋಡಿಸಿ ತೂರಿಸಿದರೆ ಸಿಕ್ಕಿಕೊಳ್ಳುತ್ತದೆ, ಅಷ್ಟೇ ಜಾಗ.

ಅಂಗಡಿಯವರು ನಾಲ್ಕಕ್ಕೂ 10 ಎಂಎಂ ಸ್ಪೇಸರ್ (ಹಬ್‌ಗೂ ಚಕ್ರಕ್ಕೂ ನಡುವೆ ಕೂರಿಸುವ ಬಿಲ್ಲೆ) ಹಾಕಿ ಅನ್ನುತ್ತಾರೆ. ಆಗ ಆಫ್‌ಸೆಟ್ 30 ಆದಂತೆ, ಚಕ್ರ ಇನ್ನೂ ಹೊರಗೆ ಬರುತ್ತದೆ. ಹಿಂದೆ ಉಜ್ಜುವುದು ಜಾಸ್ತಿಯೇ ಆಗುತ್ತದೆ ಅಲ್ವಾ? ನನ್ನ ಲೆಕ್ಕದಲ್ಲಿ 195/55 ಆರ್16 ಸರಿ. ಟೈರ್‌ನ ಒಟ್ಟು ಎತ್ತರ ಸುಮಾರು 621 ಎಂಎಂ, ಕಂಪನಿ ಟೈರ್‌ನಷ್ಟೇ. 205/55ರದ್ದು 632. ಅಗಲವೂ ಎರಡೂ ಬದಿ 5 ಎಂಎಂ ಕಡಿಮೆಯಾಗುತ್ತದೆ.

195 ಹಾಕಿದವರು ಯಾರಾದರೂ ಇದ್ದೀರಾ? ಫುಲ್ ಲೋಡ್‌ನಲ್ಲಿ ಉಜ್ಜುತ್ತದಾ? ಮುಂದೆ ಮಾತ್ರ 5 ಎಂಎಂ ಸ್ಪೇಸರ್ ಹಾಕಿದರೆ ಸ್ಟಡ್ (ಚಕ್ರ ಬಿಗಿಯುವ ಬೋಲ್ಟ್) ಮೇಲೆ ನಟ್‌ಗೆ ಸಾಕಷ್ಟು ಸುತ್ತು ಸಿಗುತ್ತದಾ, ಉದ್ದನೆಯ ಸ್ಟಡ್ ಬೇಕಾ? 54.1 ಎಂಎಂ ಹಬ್ ರಿಂಗ್ (ಅಲಾಯ್‌ನ ನಡುತೂತನ್ನು ಹಬ್‌ಗೆ ಸರಿಯಾಗಿ ಕೂರಿಸುವ ಬಳೆ) ಪುಣೆಯಲ್ಲಿ ಎಲ್ಲಿ ಸಿಗುತ್ತದೆ ಅಂತಲೂ ದಯವಿಟ್ಟು ತಿಳಿಸಿ. ಸದ್ಯಕ್ಕೆ ಹಳೆಯ ಚಕ್ರಗಳನ್ನೇ ಹಾಕಿಕೊಂಡಿದ್ದೇನೆ.